ಹ್ಯಾಟಿಯನ್ನು ಹೊರುವವರು

ಇಪ್ಪತ್ಮೂರು ವಸಂತಗಳಿಂದ ಹ್ಯಾಟಿಯನ್ನು ಹೊತ್ತವನು ವರ್ಲಿನ್ ಸ್ಟ್ರೌಡ್ ಒಬ್ಬನೇ. ಹ್ಯಾಟಿ ಒಂದು ಟರ್ಕಿ ಕೋಳಿಯ ಹೇಂಟೆ, ಮರದ್ದು; ಕಾಡುಟರ್ಕಿಯ ಹುಂಜವನ್ನು ಬಂದೂಕಿನ ಮುಂದಕ್ಕೆ ಸೆಳೆಯಲು ನೆಡುವ ಗೊಂಬೆ. ವರ್ಲಿನ್‌ನ ಗೆಳೆಯ ಆರಿನ್ ಟೀಗ್ ಒಂದು ಚಳಿಗಾಲವಿಡೀ ಕೂತು ಅದನ್ನು ಕೆತ್ತಿ, ಒಂದೊಂದು ಗರಿಗೂ ಬೇರೆ ಬೇರೆ ಕಂದು ಬಣ್ಣ ಕೊಟ್ಟಿದ್ದ. ಕುತ್ತಿಗೆಯ ಬಳಿ ಉಳಿ ಜಾರಿದ ಗಾಯವೊಂದಿತ್ತು. ಹೊತ್ತು ನಡೆಯುವಾಗ ವರ್ಲಿನ್‌ನ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗಿ ಕೂರುತ್ತಿತ್ತು. ಹ್ಯಾಟಿ ಇರುತ್ತಿದ್ದದ್ದು ಹಳೆಯ ದಿಂಬಿನ ಚೀಲದೊಳಗೆ; ಹೆಬ್ಬೆರಳಿಗೆ ಆ ಗಾಯ ಬಟ್ಟೆಯ ಮೇಲಿನಿಂದಲೇ ಸಿಗುತ್ತಿತ್ತು. ಬೇರೆ ಬೇಟೆಗಾರರು ನಿಜವಾದ ಹಕ್ಕಿ ಅಂದುಕೊಂಡು ಗುಂಡು ಹಾರಿಸದಿರಲೆಂದು ಚೀಲದ ಬಾಯಿಗೆ ಕಿತ್ತಳೆ ಬಟ್ಟೆಯ ಪಟ್ಟಿ. ಆರಿನ್ ಮುಂದೆ ನಡೆಯುತ್ತಿದ್ದ, ವರ್ಲಿನ್ ಹಿಂದೆ. ಆರಿನ್ ಕೂಗುವವನು. ಸೀಡರ್ ಮರದ ಕೂಗುಪೆಟ್ಟಿಗೆಯ ಮುಚ್ಚಳವನ್ನು ತೀಡಿ ಹೇಂಟೆಯ ದನಿ ತೆಗೆಯುವುದು ಅವನ ಕೆಲಸ. ಹೊರೆ ಹೊತ್ತರೆ ಅಂಗೈ ಬೆವರುತ್ತದೆ, ಬೆವರು ತಾಗಿದರೆ ಸೀಡರ್ ಕೂಗುವುದಿಲ್ಲ. ಹಾಗಾಗಿ ಕೂಗುವವನು ಪೆಟ್ಟಿಗೆಯೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂಬುದು ಅವನೇ ಮಾಡಿದ ನಿಯಮ.

ಈ ಏಪ್ರಿಲ್‌ನ ಆ ಮುಂಜಾನೆ ಆರಿನ್ ಟ್ರಕ್ಕಿನ ಹಿಂಬಾಗಿಲು ತೆಗೆದಾಗ ದಿಂಬಿನ ಚೀಲ ಇರಲಿಲ್ಲ. ಅದರ ಜಾಗದಲ್ಲಿ ಹೊಸ ಚೀಲವೊಂದಿತ್ತು. ದಪ್ಪ ಕಿತ್ತಳೆ ಬಟ್ಟೆ, ಎರಡು ಸಾಲು ಹೊಲಿಗೆ, ಹೆಗಲಿಗೆ ಮೆತ್ತನೆಯ ಪಟ್ಟಿ. ಆರಿನ್‌ನ ಹೆಂಡತಿ ನಡೀನ್ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು ವರ್ಲಿನ್‌ನತ್ತ ತಿರುಗಿದಳು.

"ಹೇಗಿದೆ ಮೇಷ್ಟ್ರೇ? ನಾನೇ ಹೊಲಿದಿದ್ದು. ಆ ದಿಂಬಿನ ಚೀಲ ನೋಡಿದ್ರೆ ಪಾಪ ಹ್ಯಾಟಿ ಆಸ್ಪತ್ರೆಯಿಂದ ಓಡಿಬಂದ ಹಾಗಿತ್ತು."

ನಡೀನ್‌ಗೆ ಅರವತ್ಮೂರು. ಮೂವತ್ತು ವರ್ಷ ಅಮೆರಿಕದ ಓಝಾರ್ಕ್ ಬೆಟ್ಟದ ಮಣ್ಣುರಸ್ತೆಗಳಲ್ಲಿ ಜೀಪು ಓಡಿಸಿಕೊಂಡು ಟಪಾಲು ಹಂಚಿದವಳು. ಕಳೆದ ನವೆಂಬರಿನಲ್ಲಿ, ಎಪ್ಪತ್ತೊಂದರ ಆರಿನ್ ಅವಳನ್ನು ಮದುವೆಯಾಗಿದ್ದ. ಮದುವೆಯಲ್ಲಿ ವರ್ಲಿನ್ ಕೇಕು ತಿಂದ, ಕೈ ಕುಲುಕಿದ, ಮನೆಗೆ ಬಂದು ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ.

"ಚೆನ್ನಾಗಿದೆ," ಎಂದ ಈಗ. "ಬಣ್ಣ ಸ್ವಲ್ಪ ಜಾಸ್ತಿ ಆಯ್ತೇನೋ."

"ಗುಂಡು ತಿನ್ನೋಕಿಂತ ಜಾಸ್ತಿ ಬಣ್ಣ ವಾಸಿ," ಎಂದಳು ನಡೀನ್.

ಆರಿನ್ ಎರಡೂ ಕೈಗಳನ್ನು ಅಂಗಿಯ ಜೇಬಿನೊಳಗೆ ತುರುಕಿಕೊಂಡು ಬೇಲಿಯತ್ತ ನಡೆದ. ಅವನ ಹಿಂದೆ ನಡೀನ್, ಕೊನೆಯಲ್ಲಿ ವರ್ಲಿನ್. ಅವನ ಬೆನ್ನಿಗೆ ಎರಡು ಹುಂಜಗಳ ಗೊಂಬೆಗಳಿದ್ದ ಚೀಲ. ಟಾರ್ಚಿನ ಬೆಳಕು ಆ ಕಿತ್ತಳೆ ಚೀಲದ ಮೇಲೆ ಬಿದ್ದಾಗಲೆಲ್ಲ ಅವನ ಹೊಟ್ಟೆಯಲ್ಲಿ ಕೆಂಡ ಒಂದು ಮಗ್ಗುಲು ಹೊರಳುತ್ತಿತ್ತು. ಇಪ್ಪತ್ಮೂರು ವರ್ಷ! ಒಂದು ಮಾತು ಹೇಳಬಾರದಿತ್ತೇ? ಆ ಗಾಯದ ಮೇಲೆ ಹೆಬ್ಬೆರಳು ಇಡಬೇಕೆಂದು ಅವಳಿಗೆ ಗೊತ್ತೇ?

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ವರ್ಲಿನ್ ತನ್ನ ಉರಿಯನ್ನೂ ಒಂದಿಷ್ಟು ದೂರ ನಿಂತು ನೋಡಬಲ್ಲವನಾಗಿದ್ದ. ನೋಡಿದ. ಅದರಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಹುಲ್ಲುಗಾವಲಿನ ಅಂಚು ತಲುಪಿದಾಗ ಇನ್ನೂ ಕತ್ತಲೆಯೇ. ಅಲ್ಲೊಂದು ದೊಡ್ಡ ಓಕ್ ಮರ. ಅದರ ಬೇರುಗಳ ನಡುವೆ ಇಬ್ಬರು ಬೆನ್ನು ಕೊಟ್ಟು ಕೂರುವಂತೆ ಎರಡು ಗುಳಿಗಳು. ಎಡಗಡೆಯದು ಆರಿನ್‌ನದು, ಬಲಗಡೆಯದು ವರ್ಲಿನ್‌ನದು.

"ಗಂಡುಗೊಂಬೆ ಯಾವುದು ಇಡೋಣ?" ನಡೀನ್ ಪಿಸುಗುಟ್ಟಿದಳು. "ಚಿಕ್ಕದೋ, ದೊಡ್ಡದೋ?"

"ಮೇಷ್ಟ್ರನ್ನ ಕೇಳು," ಎಂದ ಆರಿನ್. "ಈ ಸಲದ ಹುಂಜ ನೋಡಿರೋನು ಅವನೇ."

ನೋಡಿದ್ದು ನಿಜ. ಹತ್ತು ದಿನಗಳ ಹಿಂದೆ ಇದೇ ಗಾವಲಿನಲ್ಲಿ ಎರಡು ಹುಂಜಗಳು ಕಾದಾಡಿದ್ದನ್ನು ವರ್ಲಿನ್ ದುರ್ಬೀನಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಗೆದ್ದದ್ದು ಆಚೆ ಕಣಿವೆಗೆ ಹೋಗಿತ್ತು. ಬಾಲದ ಮೂರು ಗರಿ ಕಳೆದುಕೊಂಡ ಸೋತ ಹುಂಜ ಇಲ್ಲೇ ಉಳಿದಿತ್ತು. ಅಂಥ ಹಕ್ಕಿಗೆ ಯಾವ ಗೊಂಬೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಬಾಲ ಬಿಚ್ಚಿ ಬೀಗುತ್ತಿರುವ ದೊಡ್ಡ ಹುಂಜದ ಗೊಂಬೆ ಕಂಡರೆ ಏಟು ತಿಂದ ಹಕ್ಕಿ ಗಾವಲಿನ ಅಂಚಿನಲ್ಲೇ ತಿರುಗಿ ಹೋಗುತ್ತದೆ. ಅದೇ ಒಂದು ಎಳೆಹುಂಜ, ಎದೆಯ ಗಡ್ಡ ಬೆರಳುದ್ದವೂ ಬೆಳೆಯದ ಪೋರ, ಹೇಂಟೆಯ ಪಕ್ಕ ನಿಂತಿದ್ದರೆ ಸಹಿಸುವುದಿಲ್ಲ. ಹಕ್ಕಿಗೆ ಹೊಟ್ಟೆಕಿಚ್ಚು ಹತ್ತಬೇಕಾದರೆ ಎದುರು ನಿಂತದ್ದು ತನಗಿಂತ ಚಿಕ್ಕದು, ನಿನ್ನೆ ಮೊನ್ನೆ ಬಂದದ್ದು ಎಂದು ಅದಕ್ಕೆ ಅನ್ನಿಸಬೇಕು.

"ದೊಡ್ಡದು," ಎಂದ ವರ್ಲಿನ್. "ದೊಡ್ಡದೇ ಇಡು."

ಹೇಳುವಾಗ ನಾಲಗೆ ಎಡವಲೂ ಇಲ್ಲ. ಅವನೇ ಚೀಲದಿಂದ ದೊಡ್ಡ ಗೊಂಬೆ ತೆಗೆದುಕೊಟ್ಟ. ನಡೀನ್ ಇಪ್ಪತ್ತು ಹೆಜ್ಜೆ ಎಣಿಸಿ ಹೋಗಿ ಹ್ಯಾಟಿಯನ್ನೂ ಪಕ್ಕದಲ್ಲಿ ಅದನ್ನೂ ನೆಟ್ಟು ಬಂದಳು. ಇವತ್ತಿನ ಗುಂಡು ಅವಳದು; ಬಂದೂಕು ಹಿಡಿದು ನೇರವಾಗಿ ಬಲಗಡೆಯ ಗುಳಿಯಲ್ಲಿ ಕೂತಳು.

"ಅಯ್ಯೋ, ಎಷ್ಟು ಹಿತವಾಗಿದೆ! ಯಾರೋ ನನಗೇ ಅಂತ ಅಗೆದಿಟ್ಟ ಹಾಗಿದೆ."

ಅದನ್ನು ಸವೆಸಿ ಅಷ್ಟು ಹಿತ ಮಾಡಿದ ವರ್ಲಿನ್ ಮೂರು ಹೆಜ್ಜೆ ಆಚೆ ಹಿಕರಿ ಮರವೊಂದಕ್ಕೆ ಒರಗಿ ಕೂತ. ತೊಗಟೆ ಬೆನ್ನಿಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡ. ಇವತ್ತು ಅವಳ ಬಂದೂಕಿನ ಮುಂದೆ ಏನೂ ಬರುವುದಿಲ್ಲ. ನಾಳೆ ಅವಳಿಗೆ ಬೇಜಾರಾಗುತ್ತದೆ, ನಾಡಿದ್ದು ಅಡುಗೆಮನೆಯಲ್ಲಿ ಉಳಿಯುತ್ತಾಳೆ, ಹ್ಯಾಟಿ ದಿಂಬಿನ ಚೀಲಕ್ಕೆ ಮರಳುತ್ತಾಳೆ.

ಪೂರ್ವ ಬೂದುಬಣ್ಣಕ್ಕೆ ತಿರುಗಿತು. ದಿಬ್ಬದ ಆಚೆಯ ಮರದಿಂದ ಹುಂಜ ಗುಳಗುಳನೆ ಕೇಕೆ ಹಾಕಿತು. ಆಗ ಆರಿನ್ ಮೊಣಕಾಲ ಮೇಲೆ ತೆವಳುತ್ತ ಹಿಕರಿ ಮರದ ಬಳಿ ಬಂದು ಜೇಬಿನಿಂದ ಏನನ್ನೋ ತೆಗೆದು ವರ್ಲಿನ್‌ನ ಮಡಿಲಲ್ಲಿಟ್ಟ. ಕೂಗುಪೆಟ್ಟಿಗೆ.

"ನೀನು ಕೂಗು."

"ಏನು?"

ಆರಿನ್ ಬಲಗೈ ಚಾಚಿ ಅವನ ಕಣ್ಣ ಮುಂದೆ ಹಿಡಿದ. ಗಾಳಿಯಿರಲಿಲ್ಲ, ಆದರೂ ಬೆರಳುಗಳು ಎಲೆಗಳ ಹಾಗೆ ನಡುಗುತ್ತಿದ್ದವು.

"ಕ್ರಿಸ್‌ಮಸ್‌ನಿಂದ ಹೀಗೇ. ನಾನು ತೀಡಿದ್ರೆ ಹೇಂಟೆ ಅಲ್ಲ, ತುಕ್ಕು ಹಿಡಿದ ಗೇಟು ಕೂಗಿದ ಹಾಗಾಗುತ್ತೆ. ಇನ್ಮೇಲೆ ಕೂಗೋನು ನೀನೇ ಕಣೋ. ಅದಕ್ಕೇ ಹ್ಯಾಟೀನ ಅವಳಿಗೆ ಹೊರಿಸಿದ್ದು. ಕೂಗೋನ ಕೈ ಖಾಲಿ ಇರಬೇಕು ತಾನೇ?"

"ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ಬರಲಿಲ್ಲ." ಆರಿನ್ ಕೈಯನ್ನು ಮತ್ತೆ ಜೇಬಿಗೆ ಹಾಕಿದ. "ನಲವತ್ತು ವರ್ಷ ಕೂಗಿದ್ದೀನಿ."

ಅವನು ತೆವಳಿಕೊಂಡು ವಾಪಸು ಹೋದ. ಹುಂಜ ಮತ್ತೆ ಕೇಕೆ ಹಾಕಿತು. ವರ್ಲಿನ್ ಪೆಟ್ಟಿಗೆಯನ್ನು ನೋಡಿದ, ಗಾವಲಿನಲ್ಲಿ ಬಾಲ ಬಿಚ್ಚಿ ನಿಂತ ದೊಡ್ಡ ಗೊಂಬೆಯನ್ನು ನೋಡಿದ. ಈ ಪೆಟ್ಟಿಗೆಯಲ್ಲಿ ಅವನ ಮೊದಲ ಕೂಗು ಇದು. ಆ ಕೂಗಿಗೆ ಹಕ್ಕಿ ಬರುತ್ತದೆ, ಗೊಂಬೆಯನ್ನು ನೋಡುತ್ತದೆ, ತಿರುಗಿ ಹೋಗುತ್ತದೆ. ಆರಿನ್ ನೋಡುತ್ತಾನೆ. ಪೆಟ್ಟಿಗೆ ಕೊಟ್ಟ ಕೈ ನಡುಗುತ್ತಲೇ ಇರುತ್ತದೆ.

ಪೆಟ್ಟಿಗೆಯನ್ನು ಅಂಗಿಯೊಳಗೆ ಸೇರಿಸಿ, ಚೀಲದಿಂದ ಎಳೆಹುಂಜದ ರಬ್ಬರ್ ಗೊಂಬೆಯನ್ನು ಎಳೆದುಕೊಂಡು ಅವನು ಹೊಟ್ಟೆಯ ಮೇಲೆ ಗಾವಲಿಗೆ ಇಳಿದ.

"ಮೇಷ್ಟ್ರೇ! ಎಲ್ಲಿಗೆ?" ನಡೀನ್ ಪಿಸುಗುಟ್ಟಿದಳು. "ಅರ್ಜೆಂಟಾ?"

ಅವನು ತೆವಳುತ್ತಲೇ ಹೋದ. ಅರವತ್ತೆರಡರ ಸೊಂಟ, ಇಬ್ಬನಿ ತುಂಬಿದ ಹುಲ್ಲು, ಇಪ್ಪತ್ತು ಹೆಜ್ಜೆ. ದೊಡ್ಡ ಗೊಂಬೆಯನ್ನು ಕಿತ್ತು ಮಡಚಿ ಹೊಟ್ಟೆಯಡಿ ಹಾಕಿಕೊಂಡ. ಚಿಕ್ಕದನ್ನು ಹ್ಯಾಟಿಯಿಂದ ಒಂದು ಗಜ ದೂರದಲ್ಲಿ, ಮುಖ ಓಕ್ ಮರದ ಕಡೆಗೆ ಬರುವಂತೆ ನೆಟ್ಟ. ಬಂದ ಹುಂಜ ಎದುರಾಳಿಯ ಮುಖ ನೋಡಲು ಸುತ್ತಿಕೊಂಡು ಬರುತ್ತದೆ, ಬೇಟೆಗಾರರಿಗೆ ಬೆನ್ನು ಕೊಡುತ್ತದೆ. ಇನ್ನು ತಿರುಗಿ ತೆವಳಬೇಕು ಅನ್ನುವಷ್ಟರಲ್ಲಿ ದಿಬ್ಬದ ಮೇಲಿಂದ ರೆಕ್ಕೆಗಳ ಭಾರವಾದ ಬಡಿತ ಕೇಳಿಸಿತು. ಹುಂಜ ಇಳಿದುಬಿಟ್ಟಿತ್ತು.

ವರ್ಲಿನ್ ಹುಲ್ಲಿಗೆ ಕೆನ್ನೆ ಒತ್ತಿ ಬಿದ್ದುಕೊಂಡ. ನಡೀನ್‌ಳ ಬಂದೂಕಿನ ಎದುರಿಗೇ ಇದ್ದೇನೆ ಎಂಬುದು ಆಗ ಹೊಳೆಯಿತು. ಕೂಗುವ ಅಗತ್ಯವೇ ಬೀಳಲಿಲ್ಲ. ಹುಂಜ ಎಳೆಯದನ್ನು ಕಂಡಿತ್ತು. ರೆಕ್ಕೆಯ ತುದಿಯಿಂದ ನೆಲ ಕೆರೆಯುತ್ತ ಬಂತು. ಅದರ ಎದೆಯೊಳಗಿನ ಢಮಢಮ ಸದ್ದು ವರ್ಲಿನ್‌ನ ಪಕ್ಕೆಲುಬಿನಲ್ಲಿ ಕೇಳಿಸಿತು. ಬಾಲದಲ್ಲಿ ಮೂರು ಗರಿ ಖಾಲಿ. ತಲೆ ಬಿಳಿಯಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ತಿರುಗಿತು. ಅದು ಎಳೆಹುಂಜವನ್ನು ಒಂದು ಸುತ್ತು ಬಂದು, ಓಕ್ ಮರಕ್ಕೆ ಬೆನ್ನು ಹಾಕಿ ನಿಂತು, ಹಾರಿ ಒದೆಯಿತು.

ವರ್ಲಿನ್‌ನ ಮುಖದಿಂದ ಎರಡು ಮೊಳ ದೂರದಲ್ಲಿ ಗೊಂಬೆ ಉರುಳಿತು. ಬಿದ್ದ ಮೇಲೂ ಹುಂಜ ಬಿಡಲಿಲ್ಲ. ಕುತ್ತಿಗೆ ತುಳಿದು, ಕಣ್ಣಿಗೆ ಕುಕ್ಕಿ, ರೆಕ್ಕೆಯಿಂದ ಬಡಿದು, ಸುಸ್ತಾಗಿ ನಿಂತು, ಮತ್ತೆ ಬಡಿಯಿತು. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲದ ರಬ್ಬರು! ನಡುವೆ ಒಮ್ಮೆ ತಲೆಯೆತ್ತಿ ಹ್ಯಾಟಿಯನ್ನು ನೋಡಿತು. ಹ್ಯಾಟಿ ಯಾವತ್ತಿನಂತೆ ಮರವಾಗಿ ನಿಂತಿದ್ದಳು. ವರ್ಲಿನ್‌ಗೆ ನಗು ಬರಲಿಲ್ಲ. ಇಷ್ಟು ಹತ್ತಿರದಿಂದ ಹುಂಜದ ಆ ಕಣ್ಣನ್ನು ಅವನು ಯಾವತ್ತೂ ನೋಡಿರಲಿಲ್ಲ.

ಅವನು ಕಣ್ಣು ಮಿಟುಕಿಸಿದ. ಹುಂಜ 'ಪುಟ್' ಎಂದು ಬೆಚ್ಚಿ ದಿಬ್ಬದ ಕಡೆಗೆ ಓಡಿತು.

ಓಕ್ ಮರದ ಕಡೆಯಿಂದ ಬಿಕ್ಕುವಂಥ ಸದ್ದು ಬಂತು. ನಡೀನ್ ಬಂದೂಕನ್ನು ಆಗಲೇ ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು.

"ಅಯ್ಯೋ ಮೇಷ್ಟ್ರೇ! ಗೊಂಬೆ ಸಾಲದು ಅಂತ ನೀವೇ ಹೋಗಿ ಮಲಗಿದ್ರಾ?"

ವರ್ಲಿನ್ ಎದ್ದು ಕೂತ. ಗಡ್ಡದಲ್ಲಿ ಹುಲ್ಲು. "ನಾನು ನಿನಗೆ ತಪ್ಪು ಹೇಳಿದ್ದೆ ನಡೀನ್. ದೊಡ್ಡ ಗೊಂಬೆ ನೋಡಿದ್ರೆ ಅದು ಬರಲ್ಲ ಅಂತ ಗೊತ್ತಿತ್ತು. ಬೇಕು ಅಂತಲೇ ಹೇಳಿದೆ."

ನಗು ನಿಂತಿತು. ನಡೀನ್ ಅವನನ್ನು ನೋಡಿದಳು, ಪಕ್ಕದಲ್ಲಿದ್ದ ಕಿತ್ತಳೆ ಚೀಲವನ್ನು ನೋಡಿದಳು. ಮೂವತ್ತು ವರ್ಷ ಮನೆಮನೆಗೆ ಟಪಾಲು ಕೊಟ್ಟವಳಿಗೆ ಮುಖ ಓದುವುದು ಬರುತ್ತಿತ್ತು.

"ಈ ಚೀಲಕ್ಕಾ?" ಎಂದಳು ಮೆಲ್ಲಗೆ. "ನಾಚಿಕೆ ಆಗಬೇಕು ನಿಮಗೆ."

"ಆಗಿದೆ."

"ನಂಗೆ ಗೊತ್ತಿತ್ತು," ಎಂದ ಆರಿನ್. "ಹುಂಜ ಏಟು ತಿಂದಿದೆ ಅಂತ ಮಂಗಳವಾರ ಫೋನಲ್ಲಿ ಹೇಳಿದವನು ನೀನೇ ತಾನೇ?"

"ಮತ್ತೆ ಸುಮ್ಮನೆ ಯಾಕಿದ್ದೆ?"

"ಪೆಟ್ಟಿಗೆ ಹೇಗೂ ನಿನಗೇ ಕೊಡೋದಿತ್ತು. ತಗೊಂಡು ಏನ್ ಮಾಡ್ತೀಯ ನೋಡೋಣ ಅಂತ." ಆರಿನ್ ಮರ ಹಿಡಿದು ಎದ್ದ. "ಹೊಟ್ಟೆ ಮೇಲೆ ಹೋಗ್ತೀಯ ಅಂದ್ಕೊಂಡಿರಲಿಲ್ಲ, ಅಷ್ಟೇ."

ವಾಪಸು ಹೊರಟಾಗ ವರ್ಲಿನ್ ಅಭ್ಯಾಸಬಲದಿಂದ ಹ್ಯಾಟಿಯ ಕಡೆಗೆ ಕೈ ಚಾಚಿದ. ನಡೀನ್ ಆ ಕೈಯ ಮೇಲೆ ಪಟ್ಟನೆ ಹೊಡೆದಳು.

"ಹೊರೋದು ನನ್ನ ಕೆಲಸ. ನಿಮ್ಮ ಕೈ ಬೆವರುತ್ತೆ." ಚೀಲಕ್ಕೆ ಇಳಿಸುವ ಮುನ್ನ ತಡೆದು, "ಎಲ್ಲಿ ಹಿಡೀತಿದ್ರಿ ಇದನ್ನ?" ಎಂದು ಕೇಳಿದಳು.

ಅವನು ಉಳಿಯ ಗಾಯ ತೋರಿಸಿದ. ಅವಳ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂತಿತು. ಅದನ್ನು ತೋರಿಸಿಕೊಡಬಾರದಿತ್ತು ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು.

ಇಬ್ಬರೂ ಮುಂದೆ ನಡೆದರು, ಅವನು ಹಿಂದೆ. ಎರಡೂ ಗಂಡುಗೊಂಬೆಗಳನ್ನು ನಡೀನ್ ತನ್ನ ಇನ್ನೊಂದು ಹೆಗಲಿಗೆ ಏರಿಸಿಕೊಂಡಿದ್ದಳು. ವರ್ಲಿನ್‌ನ ಖಾಲಿ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬೇಲಿಯ ಬಳಿ ಆರಿನ್ ಅವಳಿಗಾಗಿ ತಂತಿ ಎತ್ತಿ ಹಿಡಿದ. ಅವಳು ಅವನ ಕಿವಿಯಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ತನ್ನ ವಿಷಯವಿರಬಹುದು, ಇಲ್ಲದಿರಬಹುದು. ಹೊಟ್ಟೆಯಲ್ಲಿ ಅದೇ ಕೆಂಡ ಮತ್ತೆ ಹೊರಳಿತು.

ಅವನು ಅಂಗಿಯೊಳಗಿನಿಂದ ಪೆಟ್ಟಿಗೆ ತೆಗೆದ. ಸೀಡರ್ ಒಣಗಿಯೇ ಇತ್ತು, ಅವನ ಮೈಶಾಖಕ್ಕೆ ಬೆಚ್ಚಗಾಗಿತ್ತು. ಮುಚ್ಚಳವನ್ನು ಒಂದೇ ಒಂದು ಸಲ, ಮೆಲ್ಲಗೆ ತೀಡಿದ. ಪೆಟ್ಟಿಗೆ ಹೇಂಟೆಯಂತೆ ಕೂಗಿತು.

ಬೇಲಿಯ ಆಚೆ ಇಬ್ಬರೂ ನಗು ನಿಲ್ಲಿಸಿ ಅವನತ್ತ ತಿರುಗಿದರು.