ಕೌಂಟರಿನಮ್ಮನ ಪೆನ್ನು

ಆವತ್ತು ಬೆಳಿಗ್ಗೆ ಮಳೆ ಅಂದರೆ ನಾಲ್ಕು ಹನಿ, ಗಾಳಿ ಮಾತ್ರ ಕೈತುಂಬ. ಜನ ಕೊಡೆ ಬಿಚ್ಚುವಷ್ಟು ಮಳೆ, ಬಿಚ್ಚಿದ ಕೊಡೆಯನ್ನು ಮಗುಚಿ ಹಾಕುವಷ್ಟು ಗಾಳಿ. ಕೊಡೆ ರಿಪೇರಿಯವನಿಗೆ ಭಗವಂತ ಕಳಿಸಿಕೊಡುವ ದಿನ ಅಂದರೆ ಇಂಥದ್ದೇ. ಬೀದಿಯವರೆಲ್ಲ ಕೊಡೆ ಮಾವ ಎಂದು ಕರೆಯುವ ಆ ಮನುಷ್ಯ ಅಂಗಡಿಯ ಬಾಗಿಲು ತೆಗೆಯುತ್ತಾ, 'ಇನ್ನೊಬ್ಬರ ಕಡ್ಡಿ ಮುರಿದರೆ ನನ್ನ ಒಲೆ ಉರಿಯೋದು ತಂದೆ, ತಪ್ಪು ತಿಳೀಬೇಡ' ಎಂದು ಮನಸ್ಸಿನಲ್ಲೇ ಕೈಮುಗಿದ.

ಮೊದಲ ಟೀ ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ಸೊಂಟ ಮುರಿದ ಕೊಡೆಗಳ ರಾಶಿ ಬಿದ್ದಿತು. ಹೆಂಡತಿಯ ತಂಗಿ ಎದುರಿಗೆ ಕೂತು ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದಳು. ಅವಳ ಸೂಜಿಗಿಂತ ನಾಲಿಗೆಯೇ ಚೂಪು ಎಂಬುದು ಬೀದಿಗೆಲ್ಲ ಗೊತ್ತು. ಒಳಕೋಣೆಯಲ್ಲಿ ಹೆಂಡತಿ ಗೋಡೆಗೆ ದಿಂಬು ಆನಿಸಿ ಕೂತಿದ್ದಳು. ಬಚ್ಚಲಿಗೆ ಹೋಗಿ ಬಂದರೂ ಅವಳಿಗೆ ಏದುಸಿರು. ಹೃದಯದ ಕವಾಟ ಸವೆದಿದೆ, ಈ ವರ್ಷವೇ ಆಪರೇಷನ್ ಆಗಬೇಕು ಎಂದಿದ್ದರು ಡಾಕ್ಟರು. ಅದರ ಖರ್ಚು ಕೇಳಿದರೆ ಗಟ್ಟಿಮುಟ್ಟಾದವರ ಎದೆಯೂ ಒಮ್ಮೆ ನಿಂತು ನಡೆಯಬೇಕು.

ಮೊದಲೇ ಕಾಯಿಲೆ ಇದ್ದವರನ್ನೂ ಸೇರಿಸಿಕೊಳ್ಳುವ ಆರೋಗ್ಯ ವಿಮೆಯೊಂದಿತ್ತು. ವರ್ಷಕ್ಕೆ ಒಂದು ತಿಂಗಳು ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಮಾವ ಹೋದ ವಾರವಷ್ಟೇ ಅವರ ಕಚೇರಿಗೆ ಹೋಗಿ ಹೆಂಡತಿಯ ಹೆಸರಿನಲ್ಲಿ ಅರ್ಜಿ ಕೊಟ್ಟು ಬಂದಿದ್ದ. ಅಲ್ಲಿ ದಾರ ಕಟ್ಟಿ ಇಟ್ಟಿದ್ದ ಪೆನ್ನು ಬರೆಯಲಿಲ್ಲ. ಕೌಂಟರಿನಲ್ಲಿದ್ದ ಅರ್ಧ ನರೆತ ತಲೆಯ ಅಮ್ಮ ತಮ್ಮ ಚೀಲದಿಂದ ಸ್ವಂತ ಪೆನ್ನು ತೆಗೆದುಕೊಟ್ಟರು. ಊಟದ ಹೊತ್ತಾದರೂ ಏಳದೆ, ಒಂದೊಂದು ಸಾಲನ್ನೂ ಓದಿ ಹೇಳಿ ಬರೆಸಿದರು. ಮಾವ ಮನೆಗೆ ಬಂದು ಅಂಗಿ ಬಿಚ್ಚುವಾಗ ನೋಡಿದರೆ ಆ ಪೆನ್ನು ಜೇಬಿನಲ್ಲಿ. ಕಡುಗೆಂಪು ಬಣ್ಣದ್ದು, ಕ್ಯಾಪಿನ ಮೇಲೆ ಹಲ್ಲಿನ ಗುರುತು.

"ಉಪಕಾರ ಮಾಡಿದವರ ಪೆನ್ನನ್ನೇ ಎತ್ಕೊಂಡು ಬಂದಿದೀರಿ. ಮುಂದಿನ ಸಲ ಕುರ್ಚಿ ಹೊತ್ಕೊಂಡು ಬನ್ನಿ, ಮನೇಲಿ ಒಂದು ಕಡಿಮೆ ಇದೆ" ಎಂದು ಹೆಂಡತಿ ಉಸಿರು ಸಾಲದಿದ್ದರೂ ನಕ್ಕಿದ್ದಳು.

ಅಂದಿನಿಂದ ಆ ಪೆನ್ನು ಜೇಬಿನಲ್ಲಿ ಕೆಂಡದ ಹಾಗೆ ಕೂತಿತ್ತು.

ಫೋನು ಬಂದದ್ದು ಆ ಗಾಳಿಯ ಗದ್ದಲದಲ್ಲಿ.

"ಸರ್, ವಿಮಾ ಕಚೇರಿಯಿಂದ ಮಾತಾಡ್ತಿದೀನಿ. ನಿಮ್ಮ ಅರ್ಜಿ ಅರ್ಧಕ್ಕೇ ನಿಂತಿದೆ" ಎಂದಿತು ಎಳೆಯ, ಮೆತ್ತಗಿನ ಗಂಡುದನಿ. "ಇವತ್ತೇ ಕೊನೇ ದಿನ. ಮೊದಲ ಕಂತು ಈಗಲೇ ಕಟ್ಟಿದ್ರೆ ಸರಿಹೋಗುತ್ತೆ."

ಕರೆ ಮಾಡಿದವರು ಫೋನ್ ಇಡುವ ಮುಂಚೆ ತಾನು ಇಡಬಾರದು ಎಂದು ಮಾವನಿಗೆ ಅಪ್ಪ ಕಲಿಸಿದ್ದ ಮರ್ಯಾದೆ. ಅದನ್ನು ಅವನು ಎಂದೂ ಮೀರಿದವನಲ್ಲ. ರಾಂಗ್ ನಂಬರಿನವರಿಗೂ ಊಟ ಆಯ್ತಾ ಎಂದು ಕೇಳುವವನು. ಹಾಗಾಗಿ ಕೇಳದಿದ್ದರೂ ಹೆಂಡತಿಯ ಕವಾಟದ ಕಥೆಯನ್ನೆಲ್ಲ ಹೇಳಿದ. ಕೇಳಿದಾಗ ಬ್ಯಾಂಕಿನ ಕಾರ್ಡು ತೆಗೆದು ಅದರ ಮೇಲಿದ್ದ ದಪ್ಪ ಅಂಕಿಗಳನ್ನೂ ಓದಿದ. ಆಪರೇಷನ್ನಿಗೆಂದು ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲೇ ಇತ್ತು.

"ಈಗ ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ, ಹೇಳಿ ಸರ್."

ಮಾವ ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಪೆನ್ನು.

"ಹೇಳ್ತೀನಪ್ಪಾ. ಅದಕ್ಕೆ ಮುಂಚೆ ಒಂದು ಮಾತು. ನಿಮ್ಮ ಕೌಂಟರಿನಮ್ಮನ ಪೆನ್ನು ನನ್ನ ಹತ್ರ ಉಳಿದುಬಿಟ್ಟಿದೆ. ಕಡುಗೆಂಪಿನದು. ಅವರಿಗೆ ಸ್ವಲ್ಪ ತಿಳಿಸ್ತೀಯಾ?"

"ಪೆನ್ನು ಏನು ಮಹಾ ಸರ್, ನೀವೇ ಇಟ್ಕೊಳ್ಳಿ."

"ಅದು ಕಚೇರೀದಲ್ಲ, ಅವರ ಸ್ವಂತದ್ದು. ಅವರನ್ನ ಕೇಳದೆ ಹೇಗೆ?"

"ಇಲ್ಲೇ ಪಕ್ಕದಲ್ಲೇ ಕೂತಿದಾರೆ ಸರ್. ಇಟ್ಕೊಳ್ಳಲಿ ಅಂತಿದಾರೆ. ಒಟಿಪಿ ಹೇಳಿ."

ಮಾವನ ಮುಖ ಅರಳಿತು. "ಹೌದಾ? ಹಾಗಾದ್ರೆ ಒಂದು ಗಳಿಗೆ ಅವರ ಕೈಗೆ ಫೋನ್ ಕೊಡು ಮಗಾ. ಆವತ್ತು ಊಟ ಬಿಟ್ಟು ಕೂತು ನಮ್ಮ ಕೆಲಸ ಮಾಡಿಕೊಟ್ರು. ಬಾಯಿತುಂಬ ಥ್ಯಾಂಕ್ಸ್ ಹೇಳಿಬಿಡ್ತೀನಿ."

ಈಗ ಬಂದ ದನಿಯಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ.

"ಥ್ಯಾಂಕ್ಸು ಗೀಂಕ್ಸು ಆಮೇಲೆ ರೀ. ಒಟಿಪಿ ಹೇಳ್ತೀರೋ, ಹೆಂಡ್ತೀನ ಸಾಯಿಸ್ತೀರೋ?"

ಮಾವ ಗಡಿಬಿಡಿಯಲ್ಲಿ ಕೊಡೆಗಳ ರಾಶಿ ಸರಿಸಿದ. ಕನ್ನಡಕ ಮೇಜಿನ ಮೇಲೆ ಸಿಕ್ಕಿತು, ಮೊಬೈಲಿನ ಪರದೆಯ ಮೇಲೆ ಅಂಕಿಗಳೂ ಕಂಡವು. ಹೇಳದಿದ್ದರೆ ಅರ್ಜಿ ಬಿದ್ದುಹೋದೀತು, ಇವಳು ಹೋದಾಳು. ಬಾಯಿ ತೆರೆದೇಬಿಟ್ಟ. ಅಷ್ಟರಲ್ಲಿ ಕೈಯಲ್ಲಿದ್ದ ಪೆನ್ನು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಕೂತವರಿಗೆ ಒಂದು ಥ್ಯಾಂಕ್ಸ್ ದಾಟಿಸಲು ಇವನಿಗೇನು ಕಷ್ಟ? ತನ್ನದಲ್ಲದ ಪೆನ್ನನ್ನು ಇಷ್ಟು ಧಾರಾಳವಾಗಿ ದಾನ ಮಾಡುವವನು ತನ್ನದಲ್ಲದ ಹಣವನ್ನು ಏನು ಮಾಡಿಯಾನು?

"ನಾನೇ ಅಲ್ಲಿಗೆ ಬರ್ತೀನಪ್ಪಾ" ಎಂದವನೇ ಮಾವ ಕರೆ ಕತ್ತರಿಸಿದ.

ನಾದಿನಿಯ ಸೂಜಿ ಬಟ್ಟೆಯಲ್ಲೇ ನಿಂತಿತು. "ಭಾವ, ಫೋನ್ ನೀವೇ ಇಟ್ರಾ? ಮೈ ಹುಷಾರಿದೆ ತಾನೆ?"

"ಪಾಪ, ಅವನಿಗೆ ಬೇಜಾರಾಯ್ತೇನೋ."

"ಆಗಲಿ ಬಿಡಿ. ಅವನಿಗೂ ಒಂದು ಹೊಸ ಅನುಭವ."

ಹೆಂಡತಿ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಹೋಗಿ ಬನ್ನಿ" ಎಂದಳು ನಿಧಾನಕ್ಕೆ. "ಪೆನ್ನು ಮರೀಬೇಡಿ."

ಬೀದಿಯುದ್ದಕ್ಕೂ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಊರಿನ ಕೊಡೆಗಳನ್ನೆಲ್ಲ ರಿಪೇರಿ ಮಾಡುವವನು ತಾನು ಮಾತ್ರ ಬರಿತಲೆಯಲ್ಲಿ ಹೊರಟಿದ್ದ. ಫೋನಿನವನು ನಿಜವನ್ನೇ ಹೇಳಿದ್ದರೆ? ಇವತ್ತೇ ಕೊನೇ ದಿನವಾಗಿದ್ದರೆ? ಹೆಜ್ಜೆಹೆಜ್ಜೆಗೂ ದೇವರನ್ನು ಕರೆದ. ಬೇಡಿಕೊಳ್ಳಲು ಮಾತು ಸಿಗದೆ ಬರಿ ಕರೆದ.

ಕಚೇರಿಯಲ್ಲಿ ಕೌಂಟರಿನಮ್ಮ ಅವನನ್ನು ಕಂಡವರೇ ಗುರುತು ಹಿಡಿದರು. ಏದುಸಿರಿನಲ್ಲಿ ಅವನು ಹೇಳಿದ್ದನ್ನು ಪೂರ್ತಿ ಕೇಳಿ, ಮೊದಲು ಕೇಳಿದ್ದು ಒಂದೇ.

"ಒಟಿಪಿ ಹೇಳಿದ್ರಾ?"

"ಇಲ್ಲಮ್ಮ. ಕಾರ್ಡಿನ ನಂಬರ್ ಮಾತ್ರ ಹೇಳಿಬಿಟ್ಟೆ."

"ಬದುಕಿಕೊಂಡ್ರಿ. ಕಾರ್ಡಿನ ಹಿಂದೆ ಬ್ಯಾಂಕಿನ ನಂಬರಿದೆ ನೋಡಿ, ಅದಕ್ಕೆ ಮಾಡಿ. ಕಾರ್ಡ್ ನಿಲ್ಲಿಸಿ ಅಂತ ಹೇಳಿ."

ಅವರೆದುರೇ ನಿಂತು ಮಾವ ಕಾರ್ಡು ನಿಲ್ಲಿಸಿದ. ಬ್ಯಾಂಕಿನ ಹುಡುಗಿಗೂ ಊಟ ಆಯ್ತಾ ಎಂದು ಕೇಳಿದ. ಕೌಂಟರಿನಮ್ಮ ನಗು ತಡೆದುಕೊಂಡು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಇದೇ ತಾನೆ ನಿಮ್ಮ ಮನೆಯವರ ಹೆಸರು? ಅರ್ಜಿ ಎಲ್ಲೂ ನಿಂತಿಲ್ಲ, ಮಂಜೂರಾಗಿದೆ. ಮುಂದಿನ ತಿಂಗಳಿಂದ ಶುರು, ಆಪರೇಷನ್ನೂ ಸೇರಿ. ಕಂತಿನ ಚೀಟಿ ಅಂಚೇಲಿ ಬರುತ್ತೆ, ಇಲ್ಲೇ ಬಂದು ಕಟ್ಟಿ. ನಾವು ಯಾರಿಗೂ ಫೋನ್ ಮಾಡಿ ಒಟಿಪಿ ಕೇಳಲ್ಲ. ಸೇರೋ ತಿಂಗಳು ಬಂತಂದ್ರೆ ಇಂಥವರಿಗೂ ಸುಗ್ಗಿ. ಇವತ್ತೇ ಕೊನೇ ದಿನ ಅಂತ ಯಾರಾದ್ರೂ ಅವಸರ ಮಾಡಿದ್ರೆ ಫೋನ್ ಇಟ್ಟು ಇಲ್ಲಿಗೆ ಬನ್ನಿ. ಬೇಜಾರಾಗುತ್ತೆ ಅಂತ ನೋಡಬೇಡಿ."

ಮಾವ ಪರದೆಯ ಮೇಲಿನ ಹೆಸರನ್ನೇ ನೋಡಿದ. ಹೆಂಡತಿಯ ಹೆಸರು ಇಷ್ಟು ಚೆಂದ ಇದೆ ಎಂದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ. ಬಾಯಿತುಂಬ ಥ್ಯಾಂಕ್ಸ್ ಹೇಳಬೇಕೆಂದು ಬಂದವನಿಗೆ ಈಗ ಬಾಯೇ ಬರಲಿಲ್ಲ. ಭಗವಂತ ದಾರಿ ತೋರಿಸುವಾಗ ದೀಪವನ್ನೇ ಹಿಡಿಯಬೇಕೆಂದಿಲ್ಲ, ಹಲ್ಲಿನ ಗುರುತಿರುವ ಪೆನ್ನಾದರೂ ಸಾಕು ಎಂದುಕೊಂಡು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹಿಂದೆ ನಿಂತಿದ್ದ ಅಜ್ಜಿ ಮುಂದೆ ಬಂದರು. ದಾರ ಕಟ್ಟಿದ ಪೆನ್ನು ಅರ್ಜಿಯ ಮೇಲೆ ಗೀಚಿ ಗೀಚಿ ಸೋತಿತು. ಕೌಂಟರಿನಮ್ಮ ತಲೆ ತಗ್ಗಿಸಿ ತಮ್ಮ ಚೀಲದಲ್ಲಿ ತಡಕಾಡತೊಡಗಿದರು. ಮಾವ ಜೇಬಿನಿಂದ ಕಡುಗೆಂಪು ಪೆನ್ನು ತೆಗೆದು, ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ಸದ್ದಾಗದಂತೆ ಅವರ ಮೊಣಕೈಯ ಪಕ್ಕದಲ್ಲಿಟ್ಟ.