ಸಂಘದ ಹೆಸರಿನ ಕಾಗದ

ಸಿಮೆಂಟು ಕಂಪನಿಯ ವಾರ್ಷಿಕ ವರದಿ ಬರೆಯುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಬರೆದು ಬರೆದು ಕೈ ಪಳಗಿತ್ತು. ಆ ಸಲ ಹೊಸದೊಂದು ಪುಟ ಸೇರಿತು: ಹವಾಮಾನದ ಕಾನೂನುಗಳ ಬಗ್ಗೆ ಕಂಪನಿ ಸರ್ಕಾರಕ್ಕೆ ಏನು ಹೇಳಿದೆ, ಯಾರ ಮೂಲಕ ಹೇಳಿಸಿದೆ ಎಂಬ ವಿವರ.

‘ಕುಲುಮೆಯ ಹೊಗೆಗೆ ಮಿತಿ ಹಾಕುವ ಕಾನೂನಿಗೆ ನಮ್ಮ ಬೆಂಬಲವಿದೆ’ ಎಂದು ಬರೆದಳು. ಅದೇ ಕಾನೂನನ್ನು ಎರಡು ವರ್ಷ ಮುಂದೂಡಬೇಕೆಂದು ಸಿಮೆಂಟು ತಯಾರಕರ ಸಂಘ ಮಂತ್ರಿಗೆ ಕಳಿಸಿದ ಕಾಗದವನ್ನೂ ಕಂಪನಿಯ ಪರವಾಗಿ ಬರೆದುಕೊಟ್ಟವಳು ಅವಳೇ. ಆ ವಿಷಯಕ್ಕೂ ಒಂದು ಸಾಲು ಹಾಕಿದ್ದಳು.

“ಅದು ಸಂಘದ್ದು ಕಣಮ್ಮ, ನಮ್ದಲ್ಲ. ತೆಗೆದುಬಿಡು,” ಎಂದರು ಸಾಹೇಬರು.

ಅವಳು ಆ ಸಾಲು ತೆಗೆದಳು.

ಷೇರುದಾರರ ಸಭೆಗೆ ಅವಳ ಸೋದರತ್ತೆಯೂ ಬಂದಿದ್ದರು. ನಿವೃತ್ತ ಮೇಷ್ಟ್ರಮ್ಮ, ಗಂಡ ತೀರಿಕೊಂಡ ಮೇಲೆ ಬಂದ ನಾಲ್ಕಾರು ಷೇರು ಅವರ ಹೆಸರಿನಲ್ಲಿದ್ದವು. ಹಿಂದಿನ ಸಾಲಿನವನೊಬ್ಬ ವರದಿಯ ಆ ಹೊಸ ಪುಟ ಹಿಡಿದು ಎದ್ದು, “ಒಳಗೊಳಗೇ ಬೇರೆ ಏನಾದ್ರೂ ನಡೆಸಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?” ಎಂದು ಕೇಳಿದ. ಸಾಹೇಬರು ಬಾಯಿ ತೆರೆಯುವ ಮುಂಚೆಯೇ ಅತ್ತೆ ಎದ್ದರು.

“ಆ ಪುಟ ಬರೆದೋಳು ನನ್ನ ಅಣ್ಣನ ಮಗಳು. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನೇ. ಸುಳ್ಳು ಬರೆಯೋ ಪೈಕಿ ಅಲ್ಲ.”

ಜನ ನಕ್ಕು ಚಪ್ಪಾಳೆ ತಟ್ಟಿದರು. ಅವಳು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕುಳಿತೇ ಇದ್ದಳು.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅತ್ತೆಯನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ಮೆಟ್ಟಿಲ ಕಂಬಿ ಹಿಡಿದು ನಿಂತರು.

“ನಾನು ಎದ್ದಾಗ ಸುಮ್ನೆ ಯಾಕೆ ಕೂತಿದ್ದೆ?”

ಅವಳು ಕೈಯಲ್ಲಿದ್ದ ವರದಿಯನ್ನು ಚೀಲಕ್ಕೆ ತುರುಕಿದಳು.

“ಅಷ್ಟು ಜನರ ಮುಂದೆ ನನ್ನ ಬಾಯಲ್ಲೂ ಸುಳ್ಳು ಹೇಳಿಸಿದೆಯಲ್ಲೇ.”

ಮರುದಿನ ಬೆಳಿಗ್ಗೆ ಇಂಥ ವಿಷಯಗಳ ಉಸ್ತುವಾರಿಗೆಂದು ನಿರ್ದೇಶಕ ಮಂಡಳಿ ಮಾಡಿದ್ದ ಸಮಿತಿಯ ಅಧ್ಯಕ್ಷೆಗೆ ಸಂಘದ ಕಾಗದದ ಪ್ರತಿ ಕೊಟ್ಟಳು. ಆಕೆ ಎರಡು ಸಲ ಓದಿದರು.

“ಇದು ನಿಮ್ಮ ತಲೆಗೂ ಬರುತ್ತೆ, ಗೊತ್ತಲ್ಲ?”

“ಗೊತ್ತು, ಮೇಡಂ.”

ತಿಂಗಳೊಳಗೆ ವರದಿಗೆ ತಿದ್ದುಪಡಿ ಅಚ್ಚಾಯಿತು. ಸಂಘದ ಕಾಗದವೂ ಅದರಲ್ಲಿತ್ತು. ಸಾಹೇಬರು ಮುಖ ತಿರುಗಿಸಿದರು. ಅವಳನ್ನು ಗೋದಾಮಿನ ಕಚೇರಿಗೆ ಹಾಕಿದರು. ಆದರೆ ಅಷ್ಟರಲ್ಲಿ ಕಾನೂನು ಎರಡು ವರ್ಷ ಮುಂದಕ್ಕೆ ಹೋಗಿಯಾಗಿತ್ತು.

ತಿದ್ದುಪಡಿಯ ಪ್ರತಿ ಹಿಡಿದು ಅತ್ತೆಯ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಂತು ಪೂರ್ತಿ ಓದಿ, “ಒಳಗೆ ಬಾ, ಊಟ ಮಾಡು,” ಎಂದರು. ಬಡಿಸಿದ ಮೇಲೆ ಮೆಲ್ಲಗೆ ಕೇಳಿದರು:

“ಎರಡು ವರ್ಷ ಅಂದ್ರೆ ಎಷ್ಟು ಹೊಗೆಯೇ?”

ಆ ಅಂಕಿ ಅವಳಿಗೆ ಬಾಯಿಪಾಠವಾಗಿತ್ತು. ತಲೆ ತಗ್ಗಿಸಿ ಹೇಳಿದಳು. ಕೈಯಲ್ಲಿದ್ದ ತುತ್ತನ್ನು ಅವಳು ತಟ್ಟೆಗೇ ಇಳಿಸಿದಳು.