ಐದನೆಯ ಕೈ

ಬೇಕು ಎಂದರೂ ಕೈ ಎತ್ತಬೇಕು, ಬೇಡ ಎಂದರೂ ಕೈ ಎತ್ತಬೇಕು, ಎತ್ತದೆ ಇರುವುದಕ್ಕೆ ದಾರಿಯೇ ಇಲ್ಲವೆ ಎಂದು ಯೋಚಿಸುತ್ತ ಆಲ್ಡನ್ ಪ್ರುವಿಟ್ ರೊಟ್ಟಿಗೆ ಎರಡನೆಯ ಸಲ ಬೆಣ್ಣೆ ಸವರಿದ.

"ಆಗಲೇ ಹಚ್ಚಿದೀಯ," ಎಂದಳು ಹೆಂಡತಿ ಇಡಾ, ಪತ್ರಿಕೆಯಿಂದ ತಲೆ ಎತ್ತದೆ.

"ಗೊತ್ತು."

"ಏನು ತೀರ್ಮಾನ ಮಾಡ್ದೆ?"

"ಸಭೆ ಇರೋದು ಸಾಯಂಕಾಲ ನಾಲ್ಕಕ್ಕೆ."

"ಸಭೆ ಎಷ್ಟೊತ್ತಿಗೆ ಅಂತ ಕೇಳ್ಲಿಲ್ಲ ನಾನು."

ಅವನು ರೊಟ್ಟಿ ಕಚ್ಚಿದ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ.

ಫೆರೆಲ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ನದಿಯಾಚೆಯ ಸ್ಟ್ಯಾನ್‌ವಿಕ್ ತಂಡದ ಎದುರು ತೊಂಬತ್ತೆರಡು ವರ್ಷಗಳಿಂದ, ನವೆಂಬರಿನ ಕೊನೆಯ ಶನಿವಾರ, ಆಡುತ್ತ ಬಂದಿತ್ತು. ಓಹಾಯೋದ ಆ ಎರಡು ಊರುಗಳ ಜನ ಮದುವೆಯನ್ನೂ ಸಾವನ್ನೂ ಆ ಶನಿವಾರದಿಂದ ಹಿಂದೆಮುಂದೆ ಎಣಿಸಿ ನೆನಪಿಟ್ಟುಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಎರಡೂ ಒಂದೇ ಅಳತೆಯ ಕಾಲೇಜುಗಳು. ಈಗ ಸ್ಟ್ಯಾನ್‌ವಿಕ್ ದೊಡ್ಡ ವಿಶ್ವವಿದ್ಯಾಲಯವಾಗಿ, ದೂರದೂರದಿಂದ ಗೂಳಿಗಳಂಥ ಆಟಗಾರರನ್ನು ಆರಿಸಿ ತರುತ್ತಿತ್ತು. ಫೆರೆಲ್ ಗೆದ್ದು ಹತ್ತೊಂಬತ್ತು ವರ್ಷಗಳಾಗಿದ್ದವು. ಕಳೆದ ಸಲ ಐವತ್ತೆಂಟಕ್ಕೆ ಸೊನ್ನೆ. ಅದೇ ಆಟದಲ್ಲಿ, ಚೆಂಡು ಹಿಡಿದು ನುಗ್ಗಿಬಂದವನನ್ನು ತಡೆಯಲು ಹೋಗಿ ಟೋಬಿ ಲಂಡ್‌ಗ್ರೆನ್ ಎಂಬ ವಿದ್ಯಾರ್ಥಿಯ ಕತ್ತಿನ ಮೂಳೆ ಮುರಿದಿತ್ತು.

ಎರಡು ಕಾಲೇಜುಗಳ ಹತ್ತು ವರ್ಷದ ಒಪ್ಪಂದ ಈ ಸಲಕ್ಕೆ ಮುಗಿಯುತ್ತಿತ್ತು. ಮುಂದುವರಿಸಬೇಕೆ? ಐದು ಜನರ ಸಮಿತಿ. ಇಬ್ಬರು ಬೇಕು ಎನ್ನುತ್ತಿದ್ದರು, ಇಬ್ಬರು ಬೇಡ. ಐದನೆಯವನು ಅಧ್ಯಾಪಕರ ಪ್ರತಿನಿಧಿ, ತರ್ಕಶಾಸ್ತ್ರದ ಪ್ರೊಫೆಸರ್ ಪ್ರುವಿಟ್. ಬೇರೆ ಯಾರೂ ಒಪ್ಪಲಿಲ್ಲವೆಂದು ಅವನನ್ನು ಸಮಿತಿಗೆ ಹಾಕಿದ್ದರು. ಅವನು ಆಗಲ್ಲ ಎಂದಿರಲಿಲ್ಲ.

ಹತ್ತು ಗಂಟೆಯ ತರಗತಿಯಲ್ಲಿ, ಒಂದು ಹೇಳಿಕೆ ನಿಜವಾಗಿರಬೇಕು ಇಲ್ಲವೆ ಸುಳ್ಳಾಗಿರಬೇಕು, ಮೂರನೆಯದಿಲ್ಲ ಎಂದು ಹಲಗೆಯ ಮೇಲೆ ಬರೆದ.

"ಸಾಯಂಕಾಲಾನೂ ಇದೇ ಲೆಕ್ಕಾನಾ ಸಾರ್?" ಎಂದಿತು ಹಿಂದಿನ ಬೆಂಚು.

ತರಗತಿ ನಕ್ಕಿತು. ಅವನೂ ನಕ್ಕ, ತುಸು ತಡವಾಗಿ.

ಕೋಣೆಗೆ ಬಂದರೆ ಕೋಚ್ ಹಾಲರನ್ ಕಾಯುತ್ತಿದ್ದ. ಹಳೆಯ ಆಟಗಾರ, ಮಂಡಿ ಮಡಿಸಲಾಗದೆ ಒಂದು ಕಾಲನ್ನು ನೆಟ್ಟಗೆ ಚಾಚಿ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಬೇಡ ಅನ್ನಿ ಪ್ರೊಫೆಸರೇ."

ಪ್ರುವಿಟ್ ತಬ್ಬಿಬ್ಬಾದ. "ನೀವೇ ಹೀಗಂದ್ರೆ..."

"ಇಪ್ಪತ್ತು ವರ್ಷ, ನುಗ್ಗಿ ಅಂತ ಹೇಳಿದೋನು ನಾನೇ. ನುಗ್ಗಿದ್ದು ಮಾತ್ರ ಅವರು. ನಾನು ಗೆರೆ ಈಚೆ ನಿಂತ್ಕೊಂಡು ಗಂಟಲು ಹರ್ಕೊಂಡೆ, ಅಷ್ಟೆ."

"ಊರಿನವರಿಗೆ ಅದೊಂದು..."

"ಊರಿನವರು ಮೈದಾನದ ಮೆಟ್ಟಿಲ ಮೇಲೆ ಕೂತಿರ್ತಾರೆ, ಮೊಣಕಾಲ ಮೇಲೆ ಕಂಬಳಿ ಹೊದ್ಕೊಂಡು." ಕೋಚ್ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸಿದ. "ಟೋಬಿ ನಿಮ್ಮ ಕ್ಲಾಸಲ್ಲಿದ್ದ ಅಲ್ವಾ?"

"ಇದ್ದ."

"ಫೇಲಾದೋರನ್ನ ಆಡಿಸೋ ಹಾಗಿಲ್ಲ, ಇವನು ಪಾಸಾಗಲ್ಲ ಅಂತ ತಂಡದಿಂದ ಅವನ ಹೆಸರು ಹೊಡೆದುಹಾಕಿದ್ದೆ. ಆಮೇಲೆ ನೋಡಿದ್ರೆ ಪಾಸು." ಅವನ ಕಣ್ಣು ಪೇಪರ್‌ವೇಟಿನ ಮೇಲೆಯೇ ಇತ್ತು. "ಕಷ್ಟಪಟ್ಟು ಓದಿದ್ನೇನೋ."

"ಇರಬಹುದು."

"ಹೂಂ. ಇರಬಹುದು."

ಓದಿರಲಿಲ್ಲ. ನಲವತ್ತೆಂಟು ಅಂಕವನ್ನು ಪಾಸಿಗೆ ಬೇಕಾದ ಅರವತ್ತು ಮಾಡಿದ್ದು ಪ್ರುವಿಟ್‌ನ ಪೆನ್ನು. ಯಾರೂ ಕೇಳಿರಲಿಲ್ಲ. ಕೋಚ್ ಕೇಳಿರಲಿಲ್ಲ, ಟೋಬಿಯೂ ಕೇಳಿರಲಿಲ್ಲ. ದಯೆಯಿಂದ ಮಾಡಿದ್ದು ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಮನಸ್ಸು ಒಪ್ಪಿರಲಿಲ್ಲ. ಊರಿನವರ ಬಾಯಲ್ಲಿ, ಟೋಬಿಯನ್ನು ಆಡಗೊಡದವನು ಎಂದಾಗುವುದು ಅವನಿಗೆ ಬೇಡವಾಗಿತ್ತು. ಅಷ್ಟೆ. ಈಗ ಯಾರ ಬಾಯಲ್ಲೂ ಅವನು ಏನೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉರಿಯತೊಡಗಿತು. ಔಷಧಿ ಅಂಗಡಿಯೊಳಗೆ ಕಾಲಿಟ್ಟ ಮೇಲೆಯೇ ಅಲ್ಲಿ ಕೆಲಸ ಮಾಡುವುದು ಟೋಬಿಯ ತಾಯಿ ಎಂದು ನೆನಪಾದದ್ದು. ತಿರುಗುವಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು.

"ಬನ್ನಿ ಪ್ರೊಫೆಸರ್." ಮಾರ್ನಾ ಲಂಡ್‌ಗ್ರೆನ್ ಅಂಗಿಗೆ ಫೆರೆಲ್ ತಂಡದ ಕೆಂಪು ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದಳು. "ಏನು ಬೇಕಿತ್ತು?"

"ಹೊಟ್ಟೆ ಉರಿಗೆ..."

ಅವಳು ಡಬ್ಬಿ ತೆಗೆದುಕೊಟ್ಟು, ಕೈ ಬಿಡದೆ ಹಿಡಿದುಕೊಂಡಳು. ಡಬ್ಬಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ.

"ನಿಲ್ಲಿಸಿಬಿಡ್ಬೇಡಿ ಅದನ್ನ."

"ಮಿಸೆಸ್ ಲಂಡ್‌ಗ್ರೆನ್, ಟೋಬಿಗೆ ಹಾಗಾದ ಮೇಲೂ..."

"ಹಾಗಾದ್ದಕ್ಕೇ ಹೇಳ್ತಿರೋದು. ನಿಲ್ಲಿಸಿಬಿಟ್ರೆ ನನ್ ಮಗ ಯಾವುದಕ್ಕೆ ಬಿದ್ದ ಅಂತ ಹೇಳ್ಲಿ? ಈಗಾದ್ರೆ ಜನ ಬರ್ತಾರೆ, ಕೂತ್ಕೋತಾರೆ, ಸ್ಟ್ಯಾನ್‌ವಿಕ್‌ನವರನ್ನ ನಾಲ್ಕು ಮಾತು ಬೈತಾರೆ. ಅವನಿಗೂ ನಗು ಬರುತ್ತೆ. ಆಟಾನೇ ಇಲ್ಲ ಅಂದ್ರೆ ಬರ್ತಾರಾ?"

ಅವಳ ಮಾತಿನಲ್ಲಿ ತರ್ಕದೋಷವಿತ್ತು. ಅದರ ಹೆಸರೂ ಪ್ರುವಿಟ್‌ಗೆ ಗೊತ್ತಿತ್ತು.

"ನಿಮ್ಮನ್ನ ನೆನೀತಿರ್ತಾನೆ," ಎಂದಳು ಅವಳು. "ಜೀವನದಲ್ಲಿ ಕಷ್ಟದ ಪೇಪರಂತ ಪಾಸಾಗಿದ್ದು ಅದೊಂದೇ ಅಮ್ಮ ಅಂತಾನೆ. ಆ ಕಾಗದ ನನ್ ಕೈಲಿ ಗೋಡೆಗೆ ಅಂಟಿಸ್ಕೊಂಡಿದಾನೆ, ಮಲಗಿದಲ್ಲಿಂದ ಕಾಣೋ ಹಾಗೆ."

ಈಗ ಹೇಳಬೇಕು. ಬಾಯಿ ತೆರೆದ.

"ಇದನ್ನ ಊಟಕ್ಕೆ ಮುಂಚೆ ತಗೋಬೇಕಾ?" ಎಂದು ಕೇಳಿದ.

"ಆಮೇಲೆ," ಎಂದು ಅವಳು ಡಬ್ಬಿ ಬಿಟ್ಟಳು. "ಒಂದ್ಸಲ ಮನೆಗೆ ಬನ್ನಿ."

"ಬರ್ತೀನಿ."

ಈ ಮಾತನ್ನು ಅವಳಿಗೆ ಅವನು ಹೇಳಿದ್ದು ಇದು ಆರನೆಯ ಸಲ.

ನಾಲ್ಕು ಗಂಟೆಗೆ ಡೀನ್ ಹೆಸ್ಟರ್ ಕೋಲ್‌ಳ ಕೋಣೆಯಲ್ಲಿ ಐದೂ ಜನ ಕೂತರು. ಮತವಿಲ್ಲದ ಕೋಚ್ ಗೋಡೆಗೊರಗಿ ನಿಂತಿದ್ದ. ಮಾತೆಲ್ಲ ಹಿಂದಿನ ಸಭೆಯ ಮಾತೇ: ಪರಂಪರೆ, ಮೂಳೆ, ಹಳೆಯ ವಿದ್ಯಾರ್ಥಿಗಳು, ಮೂಳೆ. ಕಿಟಕಿಯ ಹೊರಗೆ ಜನ ಸೇರಿದ್ದರು. ಆಗಾಗ ತಮಟೆಯಂಥ ಸದ್ದು.

"ಬೇಕು ಅನ್ನೋರು?" ಎಂದಳು ಡೀನ್.

ಎರಡು ಕೈ.

"ಬೇಡ ಅನ್ನೋರು?"

ಎರಡು ಕೈ. ಪ್ರುವಿಟ್ ತನ್ನ ಬಲಗೈಯನ್ನು ನೋಡಿದ. ಅದು ಮೇಜಿನ ಮೇಲೆ, ಯಾರೋ ಮರೆತುಹೋದ ಗ್ಲೌಸಿನ ಹಾಗೆ ಬಿದ್ದಿತ್ತು. ಎತ್ತು ಎಂದು ಮನಸ್ಸಿನಲ್ಲೇ ಹೇಳಿದ. ಯಾವುದಕ್ಕೆ ಎಂದು ಅದು ಕೇಳಿದಂತಾಯಿತು.

"ಪ್ರೊಫೆಸರ್ ಪ್ರುವಿಟ್?"

"ನಾನು... ತಟಸ್ಥ."

ಡೀನ್ ಕನ್ನಡಕ ತೆಗೆದು ಅವನನ್ನು ನೋಡಿದಳು, ಮತ್ತೆ ಹಾಕಿಕೊಂಡು ನಿಯಮದ ಪುಸ್ತಕ ತೆರೆದಳು. ಮತ ಸಮನಾದರೆ ಇದ್ದದ್ದು ಇದ್ದ ಹಾಗೆ ನಡೆಯತಕ್ಕದ್ದು. ಇನ್ನು ಹತ್ತು ವರ್ಷ. ಅವಳು ಬರೆದುಕೊಂಡಳು. ಹನ್ನೊಂದು ನಿಮಿಷದಲ್ಲಿ ಮುಗಿದಿತ್ತು.

ಬಾಗಿಲಲ್ಲಿ ಕೋಚ್ ಅವನಿಗೆ ದಾರಿ ಬಿಟ್ಟ.

"ಓಟು ಹಾಕಿದ್ರಿ ಪ್ರೊಫೆಸರೇ," ಎಂದ ಮೆಲ್ಲಗೆ. "ಕೈ ಎತ್ತದೇನೇ ಹಾಕಿದ್ರಿ."

"ನಾನು ಯಾವ ಕಡೆಗೂ..."

"ಅದೇ ಅದೇ. ಯಾವ ಕಡೆಗೂ."

ಸುದ್ದಿ ಆಗಲೇ ಹೊರಗೆ ಮುಟ್ಟಿ, ಗಂಟೆ ಬಾರಿಸುತ್ತಿದ್ದರು. ಕೆಂಪು ಟೋಪಿಯ ಮುದುಕನೊಬ್ಬ ಅವನ ಎರಡೂ ಕೈ ಹಿಡಿದು ಕುಲುಕಿದ. "ಆಟಾನ ಬದುಕಿಸಿದ್ರಿ ಮಾರಾಯ್ರೇ, ಬದುಕಿಸಿದ್ರಿ!" ಕಣ್ಣಲ್ಲಿ ನೀರು. ಅಲ್ಲ ಎನ್ನಬೇಕಿತ್ತು. ಪ್ರುವಿಟ್ ಮುಗುಳ್ನಕ್ಕ. ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ಯಾರೋ ಅವನ ಹೆಸರು ಕೂಗಿದರು, ತಪ್ಪು ಹೆಸರು. ಅವನು ಅದಕ್ಕೂ ಕೈ ಬೀಸಿದ.

ಮನೆಯ ಕಡೆಗೆ ಹೊರಟವನು ಮೈದಾನದ ಕಡೆ ತಿರುಗಿದ್ದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಸಾವಿರಾರು ಖಾಲಿ ಆಸನಗಳು. ಬಿಸಿಲು ಇಳಿಯುತ್ತಿತ್ತು. ನಡುವಿನ ಸಾಲಿನಲ್ಲಿ ಹೋಗಿ ಕೂತ. ಹುಲ್ಲಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಎದುರಿನ ಅಂಕಫಲಕ ಇದ್ದಕ್ಕಿದ್ದಂತೆ ಹೊತ್ತಿಕೊಂಡಿತು. ಒಳಗೆಲ್ಲೋ ಕೂತು ಯಾರೋ ದೀಪಗಳನ್ನು ಪರೀಕ್ಷಿಸುತ್ತಿದ್ದರು. ಎಲ್ಲ ಬಲ್ಬುಗಳೂ ಒಟ್ಟಿಗೆ ಉರಿದು, ಫೆರೆಲ್ ಎಂಬತ್ತೆಂಟು, ಅತಿಥಿಗಳು ಎಂಬತ್ತೆಂಟು. ಕೆಳಗೆ ಗಡಿಯಾರ ಮೂರು ನಿಮಿಷದಿಂದ ಹಿಂದಕ್ಕೆ ಓಡತೊಡಗಿತು.

ಅದು ಮುಗಿದ ಮೇಲೆ ಏಳೋಣ ಎಂದುಕೊಂಡ. ಎದ್ದು ಎಲ್ಲಿಗೆ ಎಂದು ಯೋಚಿಸಲಿಲ್ಲ. ಎರಡು ನಿಮಿಷ. ಒಂದು. ಕೊನೆಯ ಹತ್ತು ಕ್ಷಣಗಳನ್ನು ಅವನೂ ತುಟಿಯಲ್ಲೇ ಎಣಿಸಿದ. ಸೊನ್ನೆಗೆ ಬಂದು ಭೋಂಗು ಕೂಗಿತು. ಸದ್ದು ಖಾಲಿ ಆಸನಗಳಿಗೆ ಬಡಿದು ಅವನಲ್ಲಿಗೇ ಮರಳಿತು.

ಅವನು ಅರ್ಧ ಎದ್ದ. ಫಲಕ ಒಮ್ಮೆ ಕಪ್ಪಾಯಿತು. ಮತ್ತೆ ಎಂಬತ್ತೆಂಟು, ಎಂಬತ್ತೆಂಟು. ಗಡಿಯಾರ ಮತ್ತೆ ಮೂರು ನಿಮಿಷದಿಂದ ಹೊರಟಿತು.

ಪ್ರುವಿಟ್ ಕೂತುಕೊಂಡ.